ಬೆರಳಿಗೆ ಗೊತ್ತಾದ ಗಂಟೆ

ಇಸ್ಪೀಟೆಲೆ ಮನೆಯೊಳಗೆ ಕಂಡರೆ ನೇರ ಒಲೆಗೆ ಹಾಕುತ್ತಿದ್ದ ಅಪ್ಪನ ಮಗಳು ನಾನು. ರಾಯಚೂರಿನ ನಮ್ಮ ಮನೆಯಲ್ಲಿ ಎಲೆ ಹಿಡಿದವರೆಲ್ಲ ಮನೆಹಾಳರೇ. ಅಂಥವಳು ನಲವತ್ತಾರನೇ ವಯಸ್ಸಿನಲ್ಲಿ ಕುಕ್ ಟೌನಿನ ಒಂದು ಸಭಾಂಗಣದಲ್ಲಿ, ಮಕ್ಕಳ ವಯಸ್ಸಿನವರ ನಡುವೆ, ಕಾರ್ಡಿನ ಮೇಜಿನ ಮುಂದೆ ಕೂತು ಹೆದರಿದೆ. ಆ ದಿನ ನಾನು ಸೋಲುತ್ತಿದ್ದರೆ ಹೆದರುತ್ತಿರಲಿಲ್ಲ. ಸೋತು ಅಭ್ಯಾಸವಿತ್ತು. ಗೆಲ್ಲುತ್ತಿದ್ದೆ, ಅದಕ್ಕೇ ಜೀವ ಬಾಯಿಗೆ ಬಂದಿತ್ತು.

ನನ್ನ ಕೆಲಸ ರಕ್ತ ತೆಗೆಯುವುದು. ಸರ್ವಜ್ಞನಗರದ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಬೆಳಗ್ಗೆ ಏಳಕ್ಕೆ ಕೂತು ಜನರ ಕೈ ಹಿಡಿಯುತ್ತೇನೆ. ಕೆಲವರಿಗೆ ನರ ಕಣ್ಣಿಗೆ ಕಾಣುವುದೇ ಇಲ್ಲ. ಬೇರೆಯವರು ಎರಡು ಮೂರು ಕಡೆ ಚುಚ್ಚಿ ಸೋತ ಮೇಲೆ ನನ್ನನ್ನು ಕರೆಯುತ್ತಾರೆ. ತೋರುಬೆರಳು ಇಟ್ಟು ಸುಮ್ಮನೆ ಒಂದು ಕ್ಷಣ ಕಾಯುತ್ತೇನೆ. ಚರ್ಮದ ಕೆಳಗೆ ಏನೋ ಸಣ್ಣಗೆ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ಲಿಗೆ ಸೂಜಿ. ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ಬರುವುದಿಲ್ಲ.

ಕಾರ್ಡಿನ ಹುಚ್ಚು ಹಿಡಿಸಿದವಳು ಮಗಳು. ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ, ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಇರುವುದು ನಾವಿಬ್ಬರೇ. ಅಭ್ಯಾಸಕ್ಕೆ ಎದುರಾಳಿ ಬೇಕಾಗಿ, "ಅಮ್ಮಾ, ಸುಮ್ನೆ ಎದುರಿಗೆ ಕೂತ್ಕೋ, ನಾನು ಹೇಳ್ಕೊಡ್ತೀನಿ" ಎಂದು ಕೂರಿಸಿದಳು. ಇದು ಇಸ್ಪೀಟಲ್ಲ. ಸಾವಿರಾರು ಬಗೆಯ ಕಾರ್ಡುಗಳಿವೆ, ಒಂದೊಂದರ ಮೇಲೆ ಒಂದು ಚಿತ್ರ, ಕೆಳಗೆ ಅದು ಏನು ಮಾಡುತ್ತದೆ ಎಂಬ ಎರಡು ಸಾಲು. ಅದರಲ್ಲಿ ಅರವತ್ತನ್ನು ಆರಿಸಿ ನಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಇಬ್ಬರಿಗೂ ಇಪ್ಪತ್ತು ಇಪ್ಪತ್ತು ಜೀವ. ಎದುರಿನವರ ಜೀವ ಮೊದಲು ತೀರಿಸಿದವರು ಗೆದ್ದರು.

ಕುಕ್ ಟೌನಿನಲ್ಲಿ ಆಟಗಾರರು ಸೇರುವ ಭಾನುವಾರದ ಕೂಟಕ್ಕೆ ಅವಳ ಜೊತೆ ಹೋದಾಗ ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲರ ಕೈಯಲ್ಲೂ ಒಂದೇ ಕಟ್ಟು! ಯಾವನೋ ಎಲ್ಲೋ ಗೆದ್ದನಂತೆ, ಅವನ ಪಟ್ಟಿಯನ್ನು ಫೋನಿನಲ್ಲಿ ನೋಡಿ ಅದೇ ಅರವತ್ತು ಕಾರ್ಡು ತರಿಸಿಕೊಂಡಿದ್ದಾರೆ. ತಲೆ ಇರುವುದು ಟೋಪಿ ಹಾಕುವುದಕ್ಕಾ ಎಂದು ಮಗಳ ಕಿವಿಯಲ್ಲಿ ಕೇಳಿದೆ. ಅವಳು ನನ್ನ ಕೈ ಚಿವುಟಿದಳು. ಇಂದಿರಾನಗರದಲ್ಲಿ ಅವಳು ಕಾರ್ಡು ಕೊಳ್ಳುವ ಅಂಗಡಿಯ ಮೂಲೆಯಲ್ಲಿ ಒಂದು ಚಪ್ಪಲಿ ಡಬ್ಬಿ ಇತ್ತು. ಯಾರಿಗೂ ಬೇಡವಾದ ಕಾರ್ಡುಗಳನ್ನು ಅದರಲ್ಲಿ ತುಂಬಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಡಬ್ಬಿಯ ಪಾಡೂ ಅದೇ. ನಾನು ಅದರ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ. ಎರಡು ಶನಿವಾರ ಕೂತೆ.

ಸಿಕ್ಕಿದ್ದು ಮೂರು ಬಗೆ, ಒಂದೊಂದರದ್ದೂ ನಾಲ್ಕು ನಾಲ್ಕು ಕಾರ್ಡು. ಹೆಸರು ಇಂಗ್ಲಿಷಿನಲ್ಲಿವೆ, ನಾನು ಇಟ್ಟ ಹೆಸರೇ ಹೇಳುತ್ತೇನೆ. ಒಂದು, ಉಪ್ಪಿನ ವ್ಯಾಪಾರಿ. ಅವನು ಮೇಜಿನ ಮೇಲಿದ್ದರೆ ಪ್ರತಿ ಸರದಿಯಲ್ಲೂ, ಇಷ್ಟವಿದ್ದರೆ, ನನ್ನ ಕಟ್ಟಿನ ಮೇಲಿನ ಕಾರ್ಡನ್ನು ನೋಡದೆ ಕಸಕ್ಕೆ ಎಸೆಯಬಹುದು. ತನ್ನ ಕಾರ್ಡನ್ನು ತಾನೇ ಎಸೆಯುವ ದಡ್ಡರು ಯಾರು ಎಂದು ಎಲ್ಲರೂ ಅವನನ್ನು ಬಿಟ್ಟಿದ್ದರು. ಎರಡನೆಯದು ಒಡೆದ ಗಂಟೆ. ಆಡಲು ಹೋದರೆ ವಿಪರೀತ ಖರ್ಚಿನ ಕಾರ್ಡು, ಆದರೆ ಅದು ಕಸಕ್ಕೆ ಬಿದ್ದಾಗಲೆಲ್ಲ ಎದುರಾಳಿಗೆ ಐದು ಜೀವ ಹೋಗುತ್ತದೆ. ಮೂರನೆಯವಳು ಚಿಂದಿ ಆಯುವ ಮುದುಕಿ, ಕಸದಿಂದ ಒಂದು ಕಾರ್ಡನ್ನು ಎತ್ತಿ ಮತ್ತೆ ಕಟ್ಟಿಗೆ ಸೇರಿಸುತ್ತಾಳೆ. ಮೂವರನ್ನೂ ಒಟ್ಟಿಗೆ ಕೂರಿಸಿದರೆ ವ್ಯಾಪಾರಿ ಎಸೆಯುತ್ತಾನೆ, ಗಂಟೆ ಬಾರಿಸುತ್ತದೆ, ಮುದುಕಿ ಎತ್ತಿಡುತ್ತಾಳೆ, ಮತ್ತೆ ಬಾರಿಸುತ್ತದೆ. ಅಡಚಣೆ ಒಂದೇ. ಮೇಲಿರುವುದು ಗಂಟೆಯೋ, ನನಗೆ ಮುಂದೆ ಬೇಕಾಗುವ ಒಳ್ಳೆಯ ಕಾರ್ಡೋ ಗೊತ್ತಿರುವುದಿಲ್ಲ. ಎಸೆಯಬೇಕೋ ಬಿಡಬೇಕೋ ಎಂಬುದು ಪೂರ್ತಿ ಅದೃಷ್ಟ.

ಮೊದಲು ಎಲ್ಲರೂ ನಕ್ಕರು. "ಆಂಟಿ ಗಂಟೆ ಹೊಡೀತಾರೆ, ಹುಷಾರು ಗುರು" ಎಂದು ಒಬ್ಬ ಕೂಗುತ್ತಿದ್ದ. ಮೂರು ತಿಂಗಳಲ್ಲಿ ನಗು ಕಡಿಮೆಯಾಯಿತು. ಮಳೆ ಶುರುವಾದ ಮೇಲಂತೂ ನಾನು ಸೋತದ್ದೇ ನೆನಪಿಲ್ಲ. ಮನೆಯಲ್ಲಿ ಮಗಳ ಮೇಲೂ ಗೆಲ್ಲುತ್ತಿದ್ದೆ. ಅವಳಿಗೆ ಬೇಜಾರಾಗಲಿಲ್ಲ, ಊರಿಗೆಲ್ಲ ಹೇಳಿಕೊಂಡು ಬಂದಳು. ನನ್ನ ಜಂಬವನ್ನೂ ಹೇಳಿಬಿಡುತ್ತೇನೆ, ಲ್ಯಾಬಿನಲ್ಲಿ ಸೂಜಿ ಹಾಕುವಾಗಲೂ ತಲೆಯಲ್ಲಿ ಗಂಟೆ ಬಾರಿಸುತ್ತಿತ್ತು.

ಆಗಸ್ಟಿನ ಒಂದು ಭಾನುವಾರ ದೊಡ್ಡ ಪಂದ್ಯ. ವಾರದಿಂದ ಬಿಡದೆ ಮಳೆ, ಸಭಾಂಗಣದ ಗೋಡೆಯೂ ಬೆವರುತ್ತಿತ್ತು. ಮಗಳು ಎರಡನೇ ಸುತ್ತಿನಲ್ಲೇ ಸೋತು ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. ನಾನು ಎರಡೂ ಸುತ್ತು ಗೆದ್ದಿದ್ದೆ. ಮೂರನೇ ಸುತ್ತಿನ ನಡುವೆ ವ್ಯಾಪಾರಿಯ ಸರದಿ ಬಂತು. ಕಟ್ಟಿನ ಮೇಲೆ ಬೆರಳಿಟ್ಟೆ. ಮೇಲಿನ ಕಾರ್ಡಿನ ಮೂಲೆ ಕೆಳಗೆ ಒರಗಿ ಕೂತಿರಲಿಲ್ಲ. ಸಣ್ಣಗೆ, ತೀರಾ ಸಣ್ಣಗೆ, ನನ್ನ ಬೆರಳನ್ನು ಹಿಂದಕ್ಕೆ ತಳ್ಳಿತು.

ಎಸೆದೆ. ಗಂಟೆ.

ಅಲ್ಲಿಗೆ ಅರ್ಥವಾಯಿತು. ನನ್ನ ನಾಲ್ಕೂ ಗಂಟೆಗಳು ಹೊಳೆಯುವ ಕಾರ್ಡುಗಳು, ಡಬ್ಬಿಯಲ್ಲಿ ಸಿಕ್ಕಿದ್ದು ಹಾಗೆಯೇ. ಹೊಳಪಿನ ಪದರ ತೇವ ಕುಡಿಯುವುದಿಲ್ಲ, ಹಿಂದಿನ ಕಾಗದ ಕುಡಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅಂಥ ಕಾರ್ಡು ಉಳಿದವಕ್ಕಿಂತ ಹೆಚ್ಚು ಬಾಗುತ್ತದೆ. ಎಲ್ಲಕ್ಕೂ ಒಂದೇ ಕಪ್ಪು ಕವರು ಹಾಕಿದ್ದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ನನ್ನ ಬೆರಳಿಗೆ ಕಣ್ಣು ಬೇಕಿಲ್ಲವಲ್ಲ.

ಮುಂದಿನ ಸರದಿಯಲ್ಲಿ ಮೂಲೆ ತಳ್ಳಲಿಲ್ಲ. ಎಸೆಯದೆ ಬಿಟ್ಟೆ. ಅದರ ಮುಂದಿನ ಸರದಿಯಲ್ಲೂ ಬಿಟ್ಟೆ. ನಾಲ್ಕನೆಯದು ತಳ್ಳಿತು, ಎಸೆದೆ, ಗೆದ್ದೆ. ಎದುರಿಗಿದ್ದ ಹುಡುಗಿ ಕೈಕುಲುಕಿದಳು.

ಹೊರಗೆ ಜಗಲಿಯಲ್ಲಿ ಮಗಳು ಎಗ್ ಪಫ್ಸ್ ತಂದುಕೊಟ್ಟಳು.

"ಅಮ್ಮಾ, ಎರಡು ಸಲ ಎಸೀದೆ ಬಿಟ್ಬಿಟ್ಟೆಯಲ್ಲ, ಅದ್ಹೆಂಗೆ ಗೊತ್ತಾಯ್ತು ನಿಂಗೆ? ಎಲ್ಲರೂ ಮಾತಾಡ್ಕೋತಿದಾರೆ. ಸೂಪರ್ ಅಮ್ಮಾ ನೀನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಹಿಂದಿನ ವರ್ಷ ಇದೇ ಕೂಟದಲ್ಲಿ ಒಬ್ಬ ಕಾರ್ಡು ಗುರುತು ಹಿಡಿಯಲು ಕವರಿನ ಮೂಲೆಗೆ ಉಗುರಿನ ಗೀರು ಹಾಕಿ ಸಿಕ್ಕಿಬಿದ್ದಿದ್ದ. ಇವಳಿಗೆ ಆಪ್ತ ಸ್ನೇಹಿತ, ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದ. ಅವನು ಕ್ಷಮೆ ಕೇಳಲು ಮನೆಗೆ ಬಂದಾಗ ಇವಳು ಬಾಗಿಲು ತೆಗೆಯಲಿಲ್ಲ. "ಮೋಸ ಮಾಡೋರ ಮುಖ ನೋಡಲ್ಲ ನಾನು" ಎಂದು ಒಳಗಿನಿಂದಲೇ ಹೇಳಿದ್ದಳು. ಆ ದಿನ ನನಗೆ ಹೆಮ್ಮೆಯಾಗಿತ್ತು. ಈಗ ಅದೇ ಮುಖ ಪಫ್ಸ್ ತಿನ್ನುತ್ತಾ ನನ್ನನ್ನು ನೋಡಿ ನಗುತ್ತಿತ್ತು. ಆ ನಗು ಹೋದರೆ ನಾನೇನು ಮಾಡಲಿ ಎಂದು ನನಗೆ ಬಂದ ಭಯವನ್ನು ಹೇಗೆ ಹೇಳಲಿ? ಅವಳಪ್ಪ ಬಿಟ್ಟುಹೋದ ದಿನವೂ ನಾನು ಇಷ್ಟು ಹೆದರಿರಲಿಲ್ಲ.

ಬಚ್ಚಲಿಗೆ ಹೋಗುವ ನೆಪದಲ್ಲಿ ಒಂದು ಮೂಲೆಯಲ್ಲಿ ಕಟ್ಟನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತೆ. ಭಾರಕ್ಕೆ ನೆಟ್ಟಗಾಗಲಿ ಎಂದು. ನಗಬೇಡಿ, ಹತ್ತು ನಿಮಿಷ ಕೂತಿದ್ದೆ. ಎದ್ದು ಮುಟ್ಟಿದರೆ ಮೂಲೆ ಅದೇ ತರ ತಳ್ಳಿತು.

ನಾಲ್ಕನೇ ಸುತ್ತಿನಲ್ಲಿ ಎದುರಿಗೆ ಬಂದವರು ದಾವಣಗೆರೆ ಕಡೆಯವರು, ಯಾವುದೋ ಆಫೀಸಿನಲ್ಲಿ ಕೆಲಸ. ಮೊದಲ ದಿನ ಎಲ್ಲರೂ ನಗುವಾಗ, "ಮೇಡಂ, ಇದು ಚೆನ್ನಾಗಿದೆ, ಬಿಡಬೇಡಿ" ಅಂದಿದ್ದವರು ಅವರೊಬ್ಬರೇ. ಇಬ್ಬರೂ ಸಮಸಮವಾಗಿ ಆಡುತ್ತಾ ಬಂದೆವು. ನಾನು ಬೆರಳ ತುದಿ ತಾಗದ ಹಾಗೆ ಉಗುರಿನಿಂದ ಕಾರ್ಡು ಎತ್ತುತ್ತಿದ್ದೆ. ಕೊನೆಗೆ ಅವರಿಗೆ ಉಳಿದದ್ದು ನಾಲ್ಕು ಜೀವ, ನನಗೆ ಎರಡು. ಅವರ ಮುಂದಿನ ಸರದಿ ಬಂದರೆ ನನ್ನ ಆಟ ಮುಗಿಯುವುದು ಖಚಿತವಿತ್ತು. ವ್ಯಾಪಾರಿ ಮೇಜಿನ ಮೇಲಿದ್ದ. ಉಗುರು ಜಾರಿತು, ಬೆರಳು ತಾಗಿತು, ಮೂಲೆ ತಳ್ಳಿತು.

ಎಸೆದರೆ ಗೆಲುವು. ಗೊತ್ತಿದ್ದು ಎಸೆಯುವುದು ಮೋಸ. ಹಾಗಾದರೆ ಎಸೆಯದೆ ಬಿಡಲೇ? ಗೊತ್ತಿಲ್ಲದಿದ್ದರೆ ಈ ಹೊತ್ತಿಗೆ ಯಾರಾದರೂ ಎಸೆದೇ ಎಸೆಯುತ್ತಾರೆ, ಬೇರೆ ದಾರಿಯೇ ಇಲ್ಲ. ಬಿಟ್ಟರೂ ಅದು ಗೊತ್ತಿದ್ದು ಮಾಡಿದ್ದೇ. ಒಮ್ಮೆ ಗೊತ್ತಾದದ್ದನ್ನು ಗೊತ್ತಿಲ್ಲದ ಹಾಗೆ ಮಾಡುವುದು ಹೇಗೆ? ಬೆನ್ನ ಹಿಂದೆ ಮಗಳ ಉಸಿರು ಕೇಳುತ್ತಿತ್ತು.

"ಇಲ್ಲಿ ಸ್ವಲ್ಪ ಬರ್ರೀ" ಎಂದು ಜಡ್ಜನ್ನು ಕರೆದೆ. ಹೆದರಿದಾಗ ನನ್ನ ಬಾಯಲ್ಲಿ ರಾಯಚೂರು ಬರುತ್ತದೆ. "ನನ್ನ ಕಾರ್ಡು ಬಾಗ್ಯಾವ. ನನಗ ಗೊತ್ತಾಗಾಕತ್ತೈತಿ."

ಜಡ್ಜ್ ಮೂವತ್ತರ ಹೆಂಗಸು, ಶಾಂತ ಮುಖ. ಕಟ್ಟನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು, ಅಡ್ಡ ಇಟ್ಟು ಅಂಚು ನೋಡಿದಳು, ತಾನೇ ಬೆರಳಾಡಿಸಿದಳು.

"ಮೇಡಂ, ಇಷ್ಟು ಎಲ್ಲರದ್ದೂ ಇರುತ್ತೆ ಮಳೇಲಿ. ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಆಡಿ, ತೊಂದ್ರೆ ಇಲ್ಲ."

"ಆಡೋಣ ಬಿಡ್ರೀ ಮೇಡಂ, ಜಡ್ಜೇ ಸರಿ ಅಂದ್ರಲ್ಲ" ಅಂದರು ದಾವಣಗೆರೆಯವರು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಜಡ್ಜೇ ಸರಿ ಎಂದ ಮೇಲೆ ಯಾರು ಕೇಳುತ್ತಾರೆ? ಸುಮ್ಮನಾಗಬೇಕು ಎಂದು ನನ್ನ ಮೈಯೆಲ್ಲ ಬೇಡಿಕೊಂಡಿತು. ಆದರೆ ಈಗ ಎಸೆದು ಗಂಟೆ ಬಿದ್ದರೆ, ಸಾಯುವ ತನಕ ಮಗಳು ಸೂಪರ್ ಅಂದಾಗಲೆಲ್ಲ ನಾನು ಕೈ ಮುಚ್ಚಿಕೊಳ್ಳಬೇಕು. ಆ ಬದುಕು ಇನ್ನೂ ಹೆಚ್ಚು ಭಯ ಹುಟ್ಟಿಸಿತು.

"ಕಲೆಸಿ ಕೊಡ್ರಿ" ಅಂದೆ. ಜಡ್ಜ್ ಕಲೆಸಿ ಇಟ್ಟಳು. ಕಣ್ಣು ಮುಚ್ಚಿಕೊಂಡೆ. ಒಂದೊಂದೇ ಕಾರ್ಡಿನ ಮೇಲೆ ಬೆರಳಿಟ್ಟು, ತಳ್ಳದ್ದನ್ನು ಎಡಕ್ಕೆ, ತಳ್ಳಿದ್ದನ್ನು ಬಲಕ್ಕೆ ಹಾಕುತ್ತಾ ಹೋದೆ. ಆಟದಲ್ಲಿ ಮೊದಲೇ ಹೋಗಿದ್ದ ಗಂಟೆಗಳು ಕಸದ ರಾಶಿಯಲ್ಲಿದ್ದವು, ಕಟ್ಟಿನಲ್ಲಿ ಇದ್ದದ್ದು ಎರಡು. ಕಣ್ಣು ಬಿಟ್ಟಾಗ ಬಲಕ್ಕೆ ಎರಡೇ ಕಾರ್ಡು ಇದ್ದವು. ಜಡ್ಜ್ ಅವನ್ನು ತಿರುಗಿಸಿದಳು. ಎರಡೂ ಗಂಟೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದಾವಣಗೆರೆಯವರು ಮೇಜಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಜಡ್ಜ್ ಬೇಜಾರಿನಿಂದಲೇ ನನ್ನನ್ನು ಪಂದ್ಯದಿಂದ ಹೊರಗಿಟ್ಟಳು, ಮೂರನೇ ಸುತ್ತಿನ ಗೆಲುವನ್ನೂ ತೆಗೆದಳು. ನೀವೇ ಹೇಳಿದ್ದಕ್ಕೆ ಇಷ್ಟಕ್ಕೇ ಬಿಟ್ಟಿದ್ದೇನೆ ಅಂದಳು. ನಾನು ತಲೆಯಾಡಿಸಿದೆ. ಹಿಂದೆ ತಿರುಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಿಟ್ಟೋ, ನಾಚಿಕೆಯೋ, ನನಗೆ ತಿಳಿಯಲಿಲ್ಲ. ರಾಮಮೂರ್ತಿ ನಗರ ಇನ್ನೆರಡು ಸ್ಟಾಪ್ ಇರುವಾಗ ಕೇಳಿದಳು.

"ಮನೇಲಿ ನನ್ನ ಜೊತೆ ಆಡ್ವಾಗ್ಲೂ ಗೊತ್ತಾಗ್ತಿತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆಗಲೇ ಹೊಳೆದದ್ದು, ಮಳೆ ಶುರುವಾದಾಗಿನಿಂದ ನಾನು ಸೋತೇ ಇಲ್ಲ. ಬುದ್ಧಿಗೆ ಗೊತ್ತಿರಲಿಲ್ಲ, ಅದು ನಿಜ. ಬೆರಳಿಗೆ ಯಾವತ್ತಿನಿಂದ ಗೊತ್ತಿತ್ತು? ಯಾರ ಮೇಲೆ ಆಣೆ ಇಟ್ಟು ಹೇಳಲಿ?

"ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

ಅವಳು ಐದು ದಿನ ಊಟಕ್ಕೆ ಕರೆದರೆ ಬಂದಳು, ತಟ್ಟೆ ತೊಳೆದಿಟ್ಟಳು, ರೂಮಿಗೆ ಹೋದಳು. ಆ ಐದು ದಿನ ಅವಳ ರೂಮಿನ ಬಾಗಿಲು ತಟ್ಟಲು ಹೋಗಿ ಹಿಂದಕ್ಕೆ ಬರುತ್ತಿದ್ದೆ. ಆರನೇ ದಿನ ಸಂಜೆ ಅವಳೇ ಎರಡೂ ಕಟ್ಟು ತಂದು ಚಾಪೆಯ ಮೇಲೆ ಇಟ್ಟು ಎದುರಿಗೆ ಕೂತಳು. ನಾನು ಅಳುವುದೊಂದು ಬಾಕಿ. ಕಟ್ಟಿಗೆ ಕೈ ಚಾಚಿದೆ. ಅವಳು ನನ್ನ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀನು ಮುಟ್ಬೇಡ ಅಮ್ಮಾ. ನಾನೇ ಎಳೆದು ಕೊಡ್ತೀನಿ."

ಮಳೆಗಾಲ ಮುಗಿದು ಎಷ್ಟೋ ದಿನವಾಯಿತು, ಈಗಲೂ ಹಾಗೇ ಆಡುತ್ತೇವೆ. ನನ್ನ ಸರದಿ ಬಂದಾಗ ಕೈ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ, ಅವಳು ಕಾರ್ಡು ಎಳೆದು ಕೊಡುತ್ತಾಳೆ. ಸೋಲುತ್ತೇನೆ, ಒಮ್ಮೊಮ್ಮೆ ಗೆಲ್ಲುತ್ತೇನೆ. ಅವಳು ಅದನ್ನು ಪ್ರೀತಿಯಿಂದ ಮಾಡುತ್ತಾಳೋ, ನನ್ನನ್ನು ನಂಬದೆ ಮಾಡುತ್ತಾಳೋ ಎಂದು ಕೇಳಲು ನನಗೆ ಇವತ್ತಿಗೂ ಹೆದರಿಕೆ.