ಪೆನ್ಸಿಲ್ ಸಮೇತ ಅಳೆದ ಮುಖ

ನಮ್ಮ ಮದುವೆಯ ಫೋಟೋದಲ್ಲಿ ಇವರ ಪೇಟದ ಕೆಳಗೆ, ಬಲಗಿವಿಯ ಹಿಂದೆ, ಒಂದು ಕೆಂಪು ಪೆನ್ಸಿಲ್ ಇದೆ. ಮುಹೂರ್ತಕ್ಕೆ ಮುಂಚೆ ಮಂಟಪದ ಕಾಲು ಅಲ್ಲಾಡುತ್ತದೆ ಎಂದು ಮದುಮಗನೇ ಎದ್ದು ಹೋಗಿ ಬೆಣೆ ಬಡಿದು ಬಂದಿದ್ದರು. ಪೆನ್ಸಿಲ್ ತೆಗೆಯಲು ಮರೆತರೋ, ಮನಸ್ಸಿರಲಿಲ್ಲವೋ, ನಾನು ಕೇಳಿಲ್ಲ. ಆಮೇಲೆ ಸ್ನಾನಕ್ಕೆ ಮತ್ತು ನಿದ್ದೆಗೆ ಬಿಟ್ಟರೆ ಅದು ಆ ಕಿವಿಯನ್ನು ಬಿಟ್ಟಿದ್ದನ್ನು ನಾನು ಕಂಡದ್ದು ಕಡಿಮೆ.

ಇವರು ವಾಸುದೇವ ಆಚಾರಿ. ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು, ಮಾಟುಂಗದ ಒಂದು ಹಳೆಯ ಬಿಲ್ಡಿಂಗ್‌ನ ಹಿಂದೆ ತಗಡಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಸಾವಿನ ಮನೆಗೆ ಮಾತಾಡಿಸಲು ಹೋದಾಗಲೂ ಅಷ್ಟೇ. ಒಮ್ಮೆ ಒಳಗೆ ಎಲ್ಲರೂ ಅಳುತ್ತಿದ್ದರೆ ಇವರು ಹೊಸ್ತಿಲಲ್ಲೇ ನಿಂತು ನನ್ನ ಕಿವಿಯಲ್ಲಿ, "ಈ ಬಾಗಿಲೂ ಅಳ್ತಾ ಉಂಟು ಮಾರಾಯ್ತಿ, ತಿರುಗಣಿಗೆ ಎಣ್ಣೆ ಬಿಟ್ಟು ಎಷ್ಟು ಕಾಲ ಆಯ್ತೋ" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನೋಡಿದವರು ದುಃಖ ಅಂದುಕೊಂಡರು.

ವಯಸ್ಸಾದಂತೆ ಕನ್ನಡಕ ದಪ್ಪವಾಯಿತು. ಕೀಸುಳಿ ಹಿಡಿದು ಬಗ್ಗಿದರೆ ಅದು ಮೂಗಿನ ತುದಿಗೆ ಬರುತ್ತಿತ್ತು. ಮರದ ಹೊಟ್ಟು ಮೆತ್ತಿದ ಮಣಿಕಟ್ಟಿನಿಂದ ಮೇಲೆ ತಳ್ಳುವುದು, ಮತ್ತೆ ಬಗ್ಗುವುದು. ದಾರ ಕಟ್ಟಿದರು, ರಬ್ಬರ್ ಹಾಕಿದರು, ಪ್ರಯೋಜನವಾಗಲಿಲ್ಲ. ಒಂದು ದಿನ ಕನ್ನಡಕ ಜಾರಿದ ಗಳಿಗೆಯಲ್ಲೇ ಉಳಿಯೂ ಜಾರಿ ಎಡ ಅಂಗೈಯನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆ ಮಗಳು ಶಿಲ್ಪಾ, ಇನ್ನು ಕೆಲಸ ಸಾಕು ಎಂದಳು.

"ಮನೆಯಲ್ಲಿ ಕೂತು ಎಂತ ಮಾಡುದು? ನಿನ್ನ ಅಮ್ಮನ ಮುಖ ನೋಡುದಾ?" ಎಂದರು ಇವರು.

"ಅದಕ್ಕೂ ಕನ್ನಡಕ ಬೇಕು" ಎಂದೆ ನಾನು.

ಕೊನೆಗೆ ಅಪ್ಪ ಮಗಳಲ್ಲಿ ಒಂದು ಒಪ್ಪಂದವಾಯಿತು. ಬಗ್ಗಿದರೂ ಜಾರದ ಕನ್ನಡಕ ಸಿಕ್ಕಿದರೆ ಕೆಲಸ, ಇಲ್ಲವಾದರೆ ಶೆಡ್ಡಿನ ಬೀಗದ ಕೈ ಅವಳ ಕೈಗೆ.

ಅವಳ ಆಫೀಸು ಪರೇಲ್‌ನಲ್ಲಿ. ಅಲ್ಲೇ ಹತ್ತಿರದ ಒಂದು ಅಂಗಡಿಯಲ್ಲಿ ಮುಖವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಅದಕ್ಕೆ ಸರಿಯಾಗಿ ಫ್ರೇಮ್ ಮಾಡಿಸಿ ಕೊಡುತ್ತಾರೆ ಎಂದು ಕರೆದುಕೊಂಡು ಹೋದಳು. ಮುಟ್ಟದೆ ಅಳತೆ ತೆಗೆಯುವುದು ಇವರಿಗೆ ನಂಬಿಕೆಯ ವಿಷಯವಲ್ಲ. ಮುಖದ ಮೇಲೆ ಏನೂ ಇರಬಾರದು ಎಂದು ಅಂಗಡಿಯವರು ಹೇಳಿದಾಗ ಪೆನ್ಸಿಲನ್ನು ಮಗಳೇ ಕಿತ್ತುಕೊಂಡಳಂತೆ. ಪರದೆಯ ಮೇಲೆ ಬೂದು ಬಣ್ಣದ ಮುಖ ಮೂಡಿತು. ಅಂಗಡಿಯ ಹುಡುಗಿ ಅದನ್ನು ಅತ್ತಿತ್ತ ತಿರುಗಿಸಿ, ಬಲಗಿವಿ ಸ್ವಲ್ಪ ಕೆಳಗಿದೆ, ಮೂಗು ಎಡಕ್ಕೆ ವಾಲಿದೆ, ಅದಕ್ಕೇ ಜಾರುವುದು ಎಂದಳು.

ಮನೆಗೆ ಬಂದವರು ಚಪ್ಪಲಿ ಕಳಚದೆ ನಿಂತರು. "ನನ್ನ ಮುಖ ಲೆವೆಲ್ ಇಲ್ಲವಂತೆ."

ಚೀಲದಿಂದ ಮಟ್ಟ ನೋಡುವ ರಸಮಟ್ಟ ತೆಗೆದು, ಹಾಕಿಕೊಂಡಿದ್ದ ಕನ್ನಡಕದ ಮೇಲೆ ಅಡ್ಡ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ಎಲ್ಲಿದೆ ನೋಡು ಎಂದರು. ಗುಳ್ಳೆ ಒಂದು ಮೂಲೆಯಲ್ಲಿತ್ತು. ರಸಮಟ್ಟವೇ ಹಾಳಾಗಿರಬೇಕು ಎಂದು ಅದನ್ನು ನಮ್ಮ ಕಿಟಕಿಯ ಚೌಕಟ್ಟಿನ ಮೇಲೆ ಇಟ್ಟರು. ಆ ಕಿಟಕಿ ಇವರೇ ಕೂರಿಸಿದ್ದು. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಇವರು ಸ್ವಲ್ಪ ಹೊತ್ತು ಕಿಟಕಿ ನೋಡಿದರು, ಆಮೇಲೆ ಕನ್ನಡಿ ನೋಡಿದರು.

"ಕಿಟಕಿ ಸರಿ ಉಂಟು" ಎಂದು ಹೇಳಿ ಊಟಕ್ಕೆ ಕೂತರು.

ಹೊಸ ಕನ್ನಡಕ ಬಂತು. ಅಂಗಡಿಯಲ್ಲೇ ಬಗ್ಗಿ ನೆಲ ಮುಟ್ಟಿ ಎದ್ದರು, ಅದು ಕದಲಲಿಲ್ಲ. ಮರುದಿನ ಶೆಡ್ಡಿನಲ್ಲಿ ಪೆನ್ಸಿಲನ್ನು ಅದರ ಜಾಗದಲ್ಲಿ ಸಿಕ್ಕಿಸಿದರು ನೋಡಿ, ಕನ್ನಡಕದ ಕಡ್ಡಿ ಕಿವಿಯಿಂದ ಎದ್ದು ನಿಂತಿತು. ಬಗ್ಗಿದರೆ ಮತ್ತೆ ಮೂಗಿನ ತುದಿ. ಮೆಷಿನ್ ಸೋತಿತು ಎಂದು ಸಂಜೆ ಗೆದ್ದವರ ಹಾಗೆ ಹೇಳಿದರು. ಆದರೆ ಊಟ ಸೇರಲಿಲ್ಲ. ಪೆನ್ಸಿಲನ್ನು ಜೇಬಿನಲ್ಲಿ ಇಟ್ಟುಕೊಳ್ಳಿ ಎಂದೆ. ಹಾಗೇ ಮಾಡಿದರು. ಕೈ ಮಾತ್ರ ದಿನವಿಡೀ ಕಿವಿಗೆ ಹೋಗಿ ಬರಿದಾಗಿ ಬರುತ್ತಿತ್ತಂತೆ. ಗೆರೆ ಎಳೆಯಲು ಹೊರಟದ್ದೇ ಮರೆತುಹೋಗುತ್ತಿತ್ತಂತೆ. ಕೆಲವೇ ದಿನಗಳಲ್ಲಿ ಒಂದು ಮಧ್ಯಾಹ್ನ ಬೇಗ ಬಂದು, ಶೆಡ್ಡಿನ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. ತಮಾಷೆ ಮಾಡಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನ ನಾನೇ ಇವರನ್ನು ಲೋಕಲ್ ರೈಲು ಹತ್ತಿಸಿ ಅಂಗಡಿಗೆ ಕರೆದುಕೊಂಡು ಹೋದೆ. ಪೆನ್ಸಿಲ್ ಇಟ್ಟುಕೊಂಡೇ ಅಳತೆ ತೆಗೆಯಬೇಕು ಎಂದೆ. ಮುಖದ್ದಲ್ಲದ್ದು ಏನೂ ಇರಬಾರದು ಎಂದು ಹುಡುಗಿ ನಿಯಮ ಹೇಳಿದಳು. ನನಗೆ ಬರುವಷ್ಟು ಹಿಂದಿಯಲ್ಲಿ, "ಅದು ಮುಖದ್ದೇ ಮಗಳೇ. ನಾನು ಮದುವೆಯಾದದ್ದು ಪೆನ್ಸಿಲ್ ಸಮೇತ" ಎಂದೆ.

ಅವಳು ನಕ್ಕಳು. ಇವರು ಚಾವಣಿ ನೋಡಿದರು. ಪರದೆಯ ಮೇಲೆ ಈ ಸಲ ಕಿವಿಯಿಂದ ಒಂದು ಕಡ್ಡಿ ಚಿಗುರಿದಂತೆ ಪೆನ್ಸಿಲೂ ಮೂಡಿತು. ಅದಕ್ಕೆ ಜಾಗ ಬಿಟ್ಟು, ಕನ್ನಡಕದ ಬಲಗಡೆಯ ಕಡ್ಡಿಯನ್ನು ಬಳುಕಿಸಿ ಬೇರೆ ಮಾಡಿಸಿ ಕೊಟ್ಟರು. ಮನೆಗೆ ಬಂದದ್ದೇ, ನಾನು ಗೂಡಿನಲ್ಲಿ ಇಟ್ಟಿದ್ದ ಬೀಗದ ಕೈಯನ್ನು ಇವರು ನನ್ನನ್ನು ಕೇಳದೆ ತೆಗೆದುಕೊಂಡರು.

ಆ ಕನ್ನಡಕದಲ್ಲಿ ಮಾಡಿದ ಕೊನೆಯ ಮಂಟಪ ದಾದರ್‌ನ ಒಂದು ಮನೆಯಲ್ಲಿದೆ. ಅದನ್ನು ಕೂರಿಸಿ ಬಂದು, ಎದೆ ಹಿಡಿದಂತಾಗುತ್ತದೆ ಎಂದು ಮಲಗಿದರು. ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಮರಳಿ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಂಗಡಿಯ ಆ ಹುಡುಗಿ ಫೋನ್ ಮಾಡಿದಳು. ಕೊಂಡವರನ್ನೆಲ್ಲ ವಿಚಾರಿಸುತ್ತಾರಂತೆ. ಅಂಕಲ್ ಬಗ್ಗಿದಾಗ ಕನ್ನಡಕ ಈಗಲೂ ಜಾರುತ್ತದೆಯೇ ಎಂದು ಕೇಳಿದಳು. ಇಲ್ಲ, ಒಮ್ಮೆಯೂ ಜಾರಲಿಲ್ಲ ಎಂದೆ. ಅವರಿಗೇ ಫೋನ್ ಕೊಡಿ ಎಂದಳು. ತುಳುವಿನಲ್ಲೋ ಕನ್ನಡದಲ್ಲೋ ಆಗಿದ್ದರೆ ನನಗೆ ಏನೂ ಹೇಳಲು ಆಗುತ್ತಿರಲಿಲ್ಲ. ಹಿಂದಿಯಲ್ಲಿ ಮಾತು ತಾನಾಗಿ ಬಂತು: ಕೆಲಸಕ್ಕೆ ಹೋಗಿದ್ದಾರೆ.

"ಹಾಗಾದರೆ ಬೇಡ ಆಂಟಿ, ಕೆಲಸ ಮಾಡಲಿ ಬಿಡಿ" ಎಂದಳು.