ಸೂತಕದಲ್ಲಿ ಅಳಿಸಿದ ಗೆರೆ

ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಾಗ ಆ ಮನೆಯಲ್ಲಿದ್ದವರು ಇಬ್ಬರೇ, ನನ್ನ ಗಂಡ ಮತ್ತು ಮಾವ. ಅತ್ತೆ ತೀರಿಹೋಗಿ ಬಹಳ ಕಾಲವಾಗಿತ್ತು. ಮಾವ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಅವರ ಬಲಗೈ ಸದಾ ನಡುಗುತ್ತಿತ್ತು. ಅದಕ್ಕಿಂತ ಕಷ್ಟ ಕಾಲಿನದು. ನಡುಮನೆಯ ಮಧ್ಯಕ್ಕೆ ಬಂದರೆ ಸಾಕು, ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮೈ ಮುಂದಕ್ಕೆ ವಾಲುತ್ತಿತ್ತು, ಕಾಲು ಬರುತ್ತಿರಲಿಲ್ಲ.

ಶಿವಮೊಗ್ಗದ ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಅಂದರು. ಕಂಪವಾತ ಎಂದು ನಾವು ಹೇಳುವುದು ಅದನ್ನೇ. ಗಂಡನಿಗೆ ಪಾಳಿ ಇದ್ದುದರಿಂದ ಮಾವನನ್ನು ಕರೆದುಕೊಂಡು ಹೋಗಿದ್ದವಳು ನಾನು.

"ಮಾತ್ರೆ ಕೊಡ್ತೀನಿ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ. ದಿನಾ ನಡೆಸಿ. ತಿರುಗುವಾಗ ಗಕ್ಕನೆ ತಿರುಗಬಾರದು, ಅಗಲವಾಗಿ ಸುತ್ತು ಹಾಕ್ಲಿ. ಬೀಳದ ಹಾಗೆ ಮಾತ್ರ ನೋಡ್ಕೊಳ್ಳಿ" ಎಂದರು.

ಅಂದಿನಿಂದ ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿ ಗಂಡ ಹೊರಟ ಮೇಲೆ ನಮ್ಮ ನಡಿಗೆ. ಕೈ ಹಿಡಿದರೆ ಮಾವನಿಗೆ ಸಂಕೋಚ, ಬಿಟ್ಟರೆ ನನಗೆ ಭಯ. ಹೀಗಿರುವಾಗ ಒಂದು ವಿಚಿತ್ರ ಗಮನಿಸಿದೆ. ನುಣ್ಣನೆಯ ನೆಲದ ಮೇಲೆ ನಿಂತುಬಿಡುವ ಕಾಲು, ಬಾಗಿಲ ಮುಂದಿನ ರಂಗೋಲಿಯ ಹತ್ತಿರ ಮಾತ್ರ ತಾನಾಗಿ ಮೇಲೇಳುತ್ತಿತ್ತು. ರಂಗೋಲಿ ತುಳಿಯಬಾರದಲ್ಲ, ಅವರು ಅದನ್ನು ಹುಡುಗರ ಹಾಗೆ ದಾಟಿಬಿಡುತ್ತಿದ್ದರು.

ಮರುದಿನ ಅವರ ಮಂಚದಿಂದ ಬಾಗಿಲವರೆಗೆ, ಹೆಜ್ಜೆಗೊಂದರಂತೆ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಡ್ಡ ಗೆರೆ ಎಳೆದೆ. ಮಾವ ಒಂದೊಂದೇ ದಾಟಿಕೊಂಡು ಹೊರಗಿನ ಜಗಲಿಗೆ ಬಂದು ಕೂತರು. ಉಸಿರು ತಿರುಗಿದ ಮೇಲೆ, "ನಿಂಗೆ ಇದನ್ನ ಯಾರು ಹೇಳ್ಕೊಟ್ರಮ್ಮ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹೆಮ್ಮೆಯಿಂದಲೇ ಎಂದೆ. ಆಮೇಲೆ ಗೆರೆ ಎಳೆಯುವುದು ಬೆಳಗಿನ ಕಾಫಿಯಷ್ಟೇ ಸಹಜವಾಯಿತು. ಮಾವ ಬೀಳುವುದು ನಿಂತಿತು. ಪಕ್ಕದ ಮನೆಯ ತಮಿಳಿನ ಹೆಂಗಸು, ಮನೆಯೊಳಗೆ ಇದೇನು ಕೋಲಂ ಎಂದು ನಗುತ್ತಿದ್ದಳು. ಕೋಲಂ ಎಂದರೆ ಅವರ ಮಾತಿನಲ್ಲಿ ರಂಗೋಲಿ.

ಆ ಮಳೆಗಾಲದಲ್ಲಿ ಹೊಳೆಹೊನ್ನೂರಿನ ದಾಯಾದಿಯೊಬ್ಬರು ತೀರಿಕೊಂಡರೆಂದು ಸುದ್ದಿ ಬಂತು. ನಮಗೆ ಹತ್ತು ದಿನ ಸೂತಕ. ಸೂತಕದ ಮನೆಯಲ್ಲಿ ರಂಗೋಲಿ ಇಡುವಂತಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾನೂ ಹಾಗೆಯೇ. ಯಾರೂ ಹೇಳುವ ಮೊದಲೇ ಒದ್ದೆ ಬಟ್ಟೆ ತಂದು ಹೊರಗಿನದನ್ನೂ ಒಳಗಿನದನ್ನೂ ಒರೆಸಿ ಹಾಕಿದೆ. ಪಂಡಿತರ ಮನೆ, ಸೊಸೆಗೆ ಆಚಾರ ಗೊತ್ತಿಲ್ಲ ಅನ್ನಿಸಿಕೊಳ್ಳಬಾರದು. ಸತ್ಯ ಹೇಳಬೇಕೆಂದರೆ, ಹತ್ತು ದಿನ ಬಗ್ಗಿ ಗೆರೆ ಎಳೆಯುವುದು ತಪ್ಪಿತೆಂದು ಒಳಗೊಳಗೇ ಹಾಯೆನಿಸಿತ್ತು. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಹಾಯೆನಿಸಿದ್ದು.

ಮಾವ ಬರಿಯ ನೆಲವನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಅವರಿಗೂ ಇದು ಸರಿಯೆಂದು ತೋರಿದೆ ಅಂದುಕೊಂಡೆ. "ಎಲ್ಲಿಗಾದ್ರೂ ಹೋಗೋದಿದ್ರೆ ಕರೀರಿ ಮಾವ" ಎಂದು ಹೇಳಿ ಒಳಗೆ ಹೋದೆ. ಅವರು ಕರೆಯುವವರಲ್ಲ ಎಂದು ನನಗೆ ಗೊತ್ತಿತ್ತು.

ಬೇಳೆ ಬೇಯಿಸುತ್ತಿದ್ದಾಗ ನಡುಮನೆಯಲ್ಲಿ ಸದ್ದಾಯಿತು. ಓಡಿಬಂದೆ. ಮಂಚಕ್ಕೂ ಬಾಗಿಲಿಗೂ ನಡುವೆ, ದಿನವೂ ಗೆರೆ ಇರುತ್ತಿದ್ದ ಜಾಗದಲ್ಲೇ, ಪಕ್ಕಕ್ಕೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದರು. ಮನೆಗೆ ಬಂದ ಮೇಲೂ ಎದ್ದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವರೇ ಮಾತು ತೆಗೆದರು. "ಅವತ್ತು ಗೆರೆ ಹಾಕಮ್ಮ ಅಂತ ನಾನೇ ಕೇಳಬೌದಿತ್ತು. ನೀನು ಅಷ್ಟು ಶ್ರದ್ಧೆಯಿಂದ ಒರೆಸಿದ್ದೆ. ನಿನ್ನ ಆಚಾರ ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ."

ನಾನು ಅವರ ಆಚಾರಕ್ಕೆ ಹೆದರಿದ್ದೆ, ಅವರು ನನ್ನದಕ್ಕೆ. ರಂಗೋಲಿಯೇ ಆಗಬೇಕೆಂದು ಯಾರು ಹೇಳಿದ್ದರು? ಒಲೆಯಲ್ಲಿ ಇದ್ದಿಲು ಇತ್ತು. ಇದ್ದಿಲ ಗೀಟಿಗೆ ಯಾವ ಸೂತಕ? ಕೆಟ್ಟ ಮೇಲೆ ಬುದ್ಧಿ ಬಂತು.

ಮುಂದಿನ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಮನೆ ತುಂಬ ನೆಂಟರು. ಮಾವನ ದೇಹವನ್ನು ಹೊರಗೆ ತರುವ ಮುಂಚೆ ನಾನು ರಂಗೋಲಿ ಬಟ್ಟಲು ತಂದು, ಮಂಚದಿಂದ ಬಾಗಿಲವರೆಗೆ ಅದೇ ಗೆರೆಗಳನ್ನು ಎಳೆದೆ.

"ಏನೇ ಇದು, ಇವತ್ತು?" ಎಂದು ಗಂಡ ಮೆಲ್ಲಗೆ ಕೇಳಿದರು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ನಾನು ಯಾರಿಗೂ ಹೆದರಲಿಲ್ಲ. ಮಾವನನ್ನು ಎತ್ತಿಕೊಂಡವರು ಗೆರೆಗಳನ್ನು ತುಳಿದುಕೊಂಡೇ ಹೊರಗೆ ಹೋದರು.