ಕುಸುಬಿ ಸಾಲು ಕಡಿದವರು

ಚಿಗರಿ ಬೇಟೆಯ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಜೀವಮಾನದಲ್ಲಿ ಒಂದೂ ಚಿಗರಿ ಹೊಡೆಯದ ಇಬ್ಬರಿಂದ ಕಲಿತೆ. ಒಬ್ಬರು ನನ್ನ ಸೋದರಮಾವ. ಇನ್ನೊಬ್ಬರು ಶಹಾಪುರದಲ್ಲಿ ಗೊಬ್ಬರ, ಬೀಜ, ಔಷಧಿ ಮಾರುವ ಅವರ ಗೆಳೆಯರು; ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಾರೆ. ಚಿಗರಿ, ಅಂದರೆ ಕೃಷ್ಣಮೃಗ, ಕೊಂದರೆ ಜೈಲು ಎಂಬುದು ಮೂವರಿಗೂ ಗೊತ್ತಿತ್ತು. ಅವರಿಬ್ಬರಿಗೆ ಅದರಿಂದ ಬೇಟೆಯ ರುಚಿ ಹೆಚ್ಚುತ್ತಿತ್ತು. ನಾನು ಯಾದಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಸುಮ್ಮನೆ ನೋಡಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೋಡಲು ಹೋದವನು ಮಾಡಿದ್ದನ್ನು ಬರೆಯಲು ಕುಳಿತಿದ್ದೇನೆ.

ಮಾವನ ಹೊಲ ಸುರಪುರದ ರಸ್ತೆಯಿಂದ ಒಳಗೆ, ಕಾಲುವೆಯ ನೀರು ಹತ್ತದ ಎತ್ತರದ ಎರೆ ನೆಲದಲ್ಲಿದೆ. ಆಚೆ ಊರಿನ ದನ ಮೇಯುವ ಗೈರಾಣ. ಚಿಗರಿ ಹಿಂಡು ಇರುವುದು ಅಲ್ಲೇ. ಈಚೆ, ಮಾವನ ಹೊಲದ ಬೆನ್ನಿಗೆ, ಒಂದೂವರೆ ಎಕರೆಯ ಒಂದು ಪಟ್ಟಿ. ಅದರ ಒಡತಿಯನ್ನು ನಾನು ಅತ್ತಿ ಎನ್ನುತ್ತೇನೆ. ತಾಯಿಯ ತವರೂರಿನಲ್ಲಿ ಆ ವಯಸ್ಸಿನ ಸೊಸೆಯಂದಿರೆಲ್ಲ ನನಗೆ ಅತ್ತಿಯರೇ. ಅವರಿಗೆ ನಾನು ಅಳಿಯ, ಅಂದರೆ ಚೇಷ್ಟೆ ಮಾಡಲು ಸಿಕ್ಕವನು. ಆ ಪಟ್ಟಿಯಲ್ಲಿ ಅತ್ತಿ ಪ್ರತಿ ಹಿಂಗಾರಿಗೂ ಕಡ್ಲಿ ಬಿತ್ತುತ್ತಾಳೆ. ಅದು ಅಂಗಡಿಯ ಬೀಜವಲ್ಲ. ಅವಳ ಅತ್ತೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟು, ವರ್ಷವರ್ಷವೂ ಅದರಿಂದಲೇ ಬೆಳೆದು ಅದರಲ್ಲೇ ಉಳಿಸಿಕೊಂಡು ಬಂದ ಸಣ್ಣ ಕಾಳಿನ ಕಡ್ಲಿ. ಊರಿನಲ್ಲಿ ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ಒಂದು ವರ್ಷ ಬೆಳೆ ಹೋದರೆ ಬೀಜವೂ ಹೋಯಿತು.

ಸಾವ್ಕಾರ್ರು ಬೇಟೆ ಕಲಿತದ್ದು ಫೋನಿನಲ್ಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಮೆರಿಕದವರು ಮರದ ಮೇಲೆ ಕುರ್ಚಿ ಕಟ್ಟಿಕೊಂಡು ಜಿಂಕೆಗೆ ಕಾಯುವ ವಿಡಿಯೊ ನೋಡಿ ನೋಡಿ ಅವರಿಗೆ ಜ್ಞಾನ ಬಂದಿತ್ತು.

“ಅವ್ರು ಜಿಂಕಿ ಸಲುವಾಗೇ ಬೆಳಿ ಹಾಕ್ತಾರ್ರೀ ಗೌಡ್ರ. ಬೆಳಿ ತಿನ್ನಾಕ ಬಂತು, ಢಂ! ನಾವು ಹುಚ್ಚರು, ನಮ್ಮ ಹೊಟ್ಟಿಗಂತ ಹಾಕ್ತೀವಿ.”

“ಹಾಕೂಣು ಬಿಡ್ರಿ,” ಎಂದರು ಮಾವ. “ಅರ್ಧ ಎಕರೆ ಹೋದ್ರ ಏನ್ ಗಂಟು ಹೋಗ್ತದ?”

ಹೀಗೆ ಮಾವನ ಹೊಲದ ಅಂಚಿನ ಅರ್ಧ ಎಕರೆಯಲ್ಲಿ ಚಿಗರಿಗಾಗಿ ಕಡ್ಲಿ ಬಿತ್ತಲಾಯಿತು. ಬೀಜ, ಗೊಬ್ಬರ ಸಾವ್ಕಾರ್ರ ಅಂಗಡಿಯದು. ಅಮೆರಿಕದವರಿಗೆ ಮರವಿದೆ, ಈ ಎರೆ ಬಯಲಿನಲ್ಲಿ ಆಳೆತ್ತರದ ಬೇವು ಹುಡುಕಬೇಕೆಂದರೂ ಅರ್ಧ ಗಂಟೆ ನಡೆಯಬೇಕು. ಆದ್ದರಿಂದ ಜಾಲಿಯ ನಾಲ್ಕು ಕಂಬ ನೆಟ್ಟು, ಮೇಲೊಂದು ಹಳೆ ಹೊರಸು ಕಟ್ಟಿ, ಜೋಳ ಕಾಯುವವರು ಮಾಡುವಂಥ ಮಂಚಿಕೆ ಮಾಡಿದರು. ಚಿಗರಿ ಬಯಲಿನ ಪ್ರಾಣಿ. ಅದರ ಬದುಕು ನಿಂತಿರುವುದೇ ಕಣ್ಣಿನ ಮೇಲೆ. ನಿನ್ನೆ ಇಲ್ಲದ ಮಂಚಿಕೆ ಇವತ್ತು ಮರವಿಲ್ಲದ ಹೊಲದಲ್ಲಿ ಎದ್ದು ನಿಂತರೆ ಅದಕ್ಕೆ ಕಾಣುವುದಿಲ್ಲವೆಂದು ಇವರು ನಂಬಿದ್ದರು. ಸಾವ್ಕಾರ್ರು ಮಿಲಿಟರಿಯವರಂಥ ಹಸಿರು ಮಚ್ಚೆಯ ಅಂಗಿ, ಚಲ್ಲಣ, ಟೊಪ್ಪಿಗೆ ತರಿಸಿಕೊಂಡರು. ಆ ಕಪ್ಪು ಮಣ್ಣಿನ ಮೇಲೆ ಅವರು ಶಹಾಪುರದ ಗುಡ್ಡದಿಂದಲೂ ಕಾಣುತ್ತಿದ್ದರೇನೋ.

ಮೊದಲ ಭಾನುವಾರ ಬೆಳಿಗ್ಗೆ ಅತ್ತಿ ಬುತ್ತಿ ಹೊತ್ತು ಹೊಲಕ್ಕೆ ಬಂದವಳು ಮಂಚಿಕೆಯ ಕೆಳಗೆ ನಿಂತು ತಲೆಯೆತ್ತಿ ನೋಡಿದಳು.

“ಸಾವ್ಕಾರ್ರ, ಗಿಳಿ ಓಡ್ಸಾಕ ಬಂದೀರೋ, ನೀವ ಗಿಳಿ ಆಗಾಕ ಬಂದೀರೋ?”

“ಸುಮ್ ಹೋಗವ್ವ, ಚಿಗರಿ ಬೆದರ್ತಾವ.”

“ಎಲ್ಲಿ ಅದಾವ್ರಿ ಬೆದರಾಕ? ನಿಮ್ಮ ಅಂಗಿ ನೋಡಿ ಅವು ಆಗಳೇ ತಿಂಥಣಿ ಮುಟ್ಯಾವ. ಹೊಳಿ ದಾಟಿದ್ರೂ ದಾಟ್ಯಾವು.”

ನಾನು ನಕ್ಕೆ. ಆಗ ನಗುವ ಹಕ್ಕು ನನಗೆ ಇನ್ನೂ ಇತ್ತು.

ಆ ಭಾನುವಾರ ಒಂದೂ ಬರಲಿಲ್ಲ. ಮಾವ ಗುಟ್ಕಾ ಉಗುಳಿದರು, ಸಾವ್ಕಾರ್ರ ಫೋನು ಎರಡು ಸಲ ಬಡಿದುಕೊಂಡಿತು, ಹಳೆಯ ಬಂದೂಕು ಗೋಣಿಚೀಲದಲ್ಲೇ ಮಲಗಿತ್ತು. ಹನ್ನೊಂದಕ್ಕೆ ಮಂಡಾಳು, ಮಿರ್ಚಿ ತಿಂದು ಇಳಿದೆವು. ನನಗೆ ಅವರಿಬ್ಬರ ಮೇಲೆ ಹೇಸಿಕೆ ಹುಟ್ಟಿತ್ತು. ಅದನ್ನು ತೋರಿಸುವ ದಾರಿ ಎಂದರೆ ಅವರಿಗಿಂತ ಹೆಚ್ಚು ತಿಳಿದವನಾಗುವುದು ಎಂದುಕೊಂಡೆನೇನೋ. ಮರುವಾರ ಒಬ್ಬನೇ ಗೈರಾಣಕ್ಕೆ ಹೋಗಿ ಹೆಜ್ಜೆ ಹುಡುಕಿದೆ.

ಗಂಡು ಚಿಗರಿ ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಇದು ನನ್ನ ಸೀಮೆ ಎಂದು ಉಳಿದ ಗಂಡುಗಳಿಗೆ ಹೇಳುವ ರೀತಿ ಅದು. ಅಂಥ ಒಂದು ಗುಡ್ಡೆ ಮಾವನ ಹೊಲದ ಮೂಡಣ ಮೂಲೆಯ ಎದುರಿಗೇ ಇತ್ತು. ಮೇಲಿನ ಹಿಕ್ಕೆ ಬೆರಳಲ್ಲಿ ಹಿಸುಕಿದೆ. ಮೆತ್ತಗಿತ್ತು. ಹೆಜ್ಜೆಗಳು ಅಲ್ಲಿಂದ ನೇರವಾಗಿ ಹೊಲದ ಕಡೆ ಬಂದು, ಕುಸುಬಿ ಸಾಲಿನ ಹತ್ತಿರ ನಿಂತು, ಪಕ್ಕಕ್ಕೆ ತಿರುಗಿದ್ದವು.

ಕುಸುಬಿಯ ಸಂಗತಿ ಹೇಳಬೇಕು. ನಮ್ಮ ಕಡೆ ಹೊಲದ ಅಂಚಿಗೆ ಐದಾರು ಸಾಲು ಕುಸುಬಿ ಬಿತ್ತುತ್ತಾರೆ. ಬೆಳೆದಾಗ ಅದರ ಎಲೆಯಂಚಿನ ಮುಳ್ಳಿಗೆ ದನವೂ ಬಾಯಿ ಹಾಕುವುದಿಲ್ಲ, ಚಿಗರಿಯೂ ನುಗ್ಗುವುದಿಲ್ಲ. ಎಣ್ಣೆಯೂ ಆಯಿತು, ಬೇಲಿಯೂ ಆಯಿತು. ಗೈರಾಣಕ್ಕೆ ಅಂಟಿಕೊಂಡ ಹೊಲದವನು ಹಾಕಿದ ಕುಸುಬಿ ಅವನ ಹಿಂದಿನ ಹೊಲವನ್ನೂ ಕಾಯುತ್ತದೆ. ಅದಕ್ಕೆ ಹಿಂದಿನ ಹೊಲದವರು ಬಂದು ಅದರ ಕಳೆ ತೆಗೆದುಕೊಡಬೇಕು. ಯಾರೂ ಬರೆದಿಟ್ಟದ್ದಲ್ಲ. ಅತ್ತಿ ಆ ವರ್ಷವೂ ಎರಡು ದಿನ ಬಂದು ಮಾವನ ಕುಸುಬಿಯ ಕಳೆ ತೆಗೆದಿದ್ದಳು.

ಮುಂದಿನ ಭಾನುವಾರ ಮಾವ ಆ ಮೂಡಣ ಮೂಲೆಯಲ್ಲಿ ಕುಡುಗೋಲಿನಿಂದ ಎರಡು ಮಾರು ಅಗಲ ಕುಸುಬಿ ಕಡಿದು ಬಾಗಿಲು ತೆರೆದರು. ಆ ಮೂಲೆ ತೋರಿಸಿದವರು ಯಾರು? ನನ್ನ ದಿನಚರಿಯಲ್ಲಿ “ಮಾವ ಮೂಲೆ ಆರಿಸಿದರು” ಎಂದಿದೆ. ಬಹಳ ದಿನ ಅದನ್ನೇ ನಂಬಿದ್ದೆ. ಬರೆದಿಟ್ಟದ್ದಕ್ಕಿಂತ ನೆನಪನ್ನು ನಂಬಬಾರದು ಎಂದು ಹುಡುಗರಿಗೆ ಪಾಠ ಮಾಡುವವನಲ್ಲವೇ ನಾನು. ಆದರೆ ಮಾವ ಗೈರಾಣಕ್ಕೆ ಕಾಲೇ ಇಟ್ಟಿರಲಿಲ್ಲ. ಹಿಕ್ಕೆ ಹಿಸುಕಿದ ಬೆರಳು ನನ್ನದು. ಬರೆದ ಬೆರಳೂ ನನ್ನದೇ. ಆ ಸಂಜೆ ಬರೆಯುವಾಗಲೇ ನಾನು ಸುಳ್ಳು ಹೇಳಿದ್ದೆನೋ, ನಿಜವಾಗಿ ಹಾಗೆಂದೇ ತಿಳಿದಿದ್ದೆನೋ, ಈಗ ಹೇಳಲಾರೆ.

ಚಿಗರಿಗಳು ಬಂದವು. ಆದರೆ ವಾರದ ನಡುವೆ, ಮಂಚಿಕೆ ಖಾಲಿ ಇದ್ದಾಗ. ಬೇಟೆಗಾರರಿಗೆ ಭಾನುವಾರ ಮಾತ್ರ ಬಿಡುವು ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಇನ್ನೂ ದೊಡ್ಡ ಮೂರ್ಖತನ ಬೇರೆಯೇ ಇತ್ತು. ಚಿಗರಿಗೆಂದು ಬಿತ್ತಿದ ಕಡ್ಲಿಗೆ ಹುಳ ಬಿತ್ತೆಂದು ಸಾವ್ಕಾರ್ರು ಅಂಗಡಿಯಿಂದ ಔಷಧಿ ತಂದು ವಾರಕ್ಕೊಮ್ಮೆ ಹೊಡೆಸುತ್ತಿದ್ದರು. ಬೆಳೆಗೆ ಹುಳ ಎಂದು ಕೇಳಿದರೆ ಔಷಧಿಯ ಡಬ್ಬಿಗೆ ಕೈ ಹಾಕುವುದು ಅವರ ರಕ್ತದಲ್ಲೇ ಇದೆ. ಆ ವಾಸನೆಗೆ ಚಿಗರಿಗಳು ಒಂದು ಎಲೆಯನ್ನೂ ಮುಟ್ಟಲಿಲ್ಲ. ನಾವು ತೆರೆದ ಬಾಗಿಲಿನಿಂದ ಬಂದು, ನಾವು ಬಡಿಸಿದ ಊಟ ದಾಟಿ, ಔಷಧಿ ಕಾಣದ ಅತ್ತಿಯ ಕಡ್ಲಿಗೆ ಬಾಯಿ ಹಾಕಿದವು.

ಮುಂದಿನ ಭಾನುವಾರ ಅತ್ತಿ ಬುತ್ತಿ ಇಲ್ಲದೆ ಬಂದಳು. ಬೇರುಮಟ್ಟ ಕಚ್ಚಿದ ನಾಲ್ಕು ಕಡ್ಲಿ ಗಿಡ ಕೈಯಲ್ಲಿದ್ದವು.

“ಭಾವಾ, ಕುಸುಬಿ ಯಾರು ಕಡ್ದಾರ?”

ಮಾವ ಮೇಲಿನಿಂದಲೇ ಹೇಳಿದರು: “ಹಂದಿ ನುಗ್ಗ್ಯಾವವ್ವ. ಏನ್ ಮಾಡೂದು.”

“ಹಂದಿ ಕುಡುಗೋಲು ಹಿಡಕೊಂಡು ಬಂದಿದ್ವೇನು? ಬುಡಕ್ಕ ಸಾಪಾಗಿ ಕೊಯ್ದಾವಲ್ಲ!”

ಸಾವ್ಕಾರ್ರು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. “ನಿಂದು ಎಷ್ಟು ಹೋಗ್ಯದ ಹೇಳವ್ವ, ಬೀಜ ನಾ ಕೊಡ್ತೀನಿ. ಛಲೋ ಕಂಪನಿದು ಅದ.”

“ನಿಮ್ಮದು ಚಿಗರಿನೂ ತಿನ್ನಂಗಿಲ್ಲ, ನನಗ ಕೊಡ್ತೀರಿ?” ಎಂದು ಅವಳು ನನ್ನ ಕಡೆ ತಿರುಗಿದಳು. “ಅಳಿಯಪ್ಪ, ನೀ ಓದಿದಾಂವ. ನೀ ಹೇಳು. ಅಲ್ಲೇ ಯಾಕ ಕಡ್ದಾರ?”

ಮಾವ ನನ್ನನ್ನು ನೋಡಿದರು. ನನಗೆ ಒಳ್ಳೆಯ ಉತ್ತರ ಸಿದ್ಧವಿತ್ತು: ಸರಿಯಾಗಿ ನೆನಪಿಲ್ಲ ಎನ್ನಬಹುದಿತ್ತು. ಅದು ಅರ್ಧ ನಿಜವೂ ಆಗಿತ್ತು. ನೆನಪನ್ನು ಅನುಮಾನಿಸುವುದು ಪ್ರಾಮಾಣಿಕತೆ ಎಂದು ನಾನು ಅಂದುಕೊಂಡಿದ್ದೆ. ಎಂಥ ಒಳ್ಳೆಯ ಅಡಗುದಾಣ ಅದು ಎಂದು ಆ ಗಳಿಗೆಯಲ್ಲಿ ತಿಳಿಯಿತು. ಮಂಚಿಕೆ ಇಳಿದೆ.

“ನಾ ತೋರ್ಸೀನಿ ಅತ್ತಿ. ಅಲ್ಲೇ ಬರ್ತಾವ ಅಂತ ಹೆಜ್ಜಿ ನೋಡಿ ಹೇಳೀನಿ.”

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. “ಬರೋಬರಿ ಹೇಳೀಯಪ್ಪ. ಅಲ್ಲೇ ಬಂದಾವ,” ಎಂದಳು. ಹೊಡೆದಂತಾಯಿತು.

ಆವತ್ತು ಮಧ್ಯಾಹ್ನದೊಳಗೆ ಜಾಲಿಮುಳ್ಳು ಕಡಿದು ತಂದು ಆ ಬಾಗಿಲು ಮುಚ್ಚಿದೆ. ಮಾವ ಸಹಾಯಕ್ಕೆ ಬರಲಿಲ್ಲ. ಸಾವ್ಕಾರ್ರಿಗೆ ಅಂಗಿ ಹರಿಯುವ ಭಯವಿತ್ತು. ಆಮೇಲೆ ಅವರು ಮತ್ತೆ ಬರಲೇ ಇಲ್ಲ. ಮೂರು ಭಾನುವಾರ ಕೂತು ಬೇಟೆ ಬೇಸರವಾಗಿತ್ತು. ಈಗಲೂ ಅಂಗಡಿಯಲ್ಲಿ, “ಮುಂಜಾನಿ ಇಬ್ಬನಿ ಇರೂ ಮುಂದ ಕೂಡ್ಬೇಕು, ಗಾಳಿಗೆ ಎದುರು ಮುಖ ಮಾಡ್ಬೇಕು,” ಎಂದು ಗಿರಾಕಿಗಳಿಗೆ ಬೇಟೆಯ ಪಾಠ ಹೇಳುತ್ತಾರಂತೆ.

ಕಡ್ಲಿ ಕೀಳುವ ಕಾಲಕ್ಕೆ ನಾನು ಎರಡು ದಿನ ರಜೆ ಹಾಕಿ ಹೋದೆ. ಅತ್ತಿ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಗಿಡದ ಹುಳಿ ತಾಗಿ ಅಂಗೈ ಉರಿಯಿತು. ಕಣದಲ್ಲಿ ಬಡಿದು ತೂರಿದಾಗ ಸಿಕ್ಕದ್ದು ಸಣ್ಣ ರಾಶಿ. ಅವಳು ಬೇಳೆಗೆಂದು ಒಂದು ಕಾಳನ್ನೂ ತೆಗೆಯದೆ, ಗಟ್ಟಿ ಕಾಳನ್ನೆಲ್ಲ ಮೊರದಲ್ಲಿ ಆರಿಸುತ್ತ ಕೂತಳು. ಪಟ್ಟಿಯ ಉದ್ದಕ್ಕೆ ನಾಲ್ಕು ಸಾಲಿಗೆ ಸಾಕಾಗುವಷ್ಟು ಬೀಜವಾಗಬಹುದು ಎಂದಳು. ಉಳಿದ ನೆಲಕ್ಕೆ ಅಂಗಡಿಯ ಬೀಜವೇ ಗತಿ.

“ಎರಡ್ಮೂರು ವರ್ಷ ಹಿಡೀತದ ಮತ್ತ ಮೊದ್ಲಿನಷ್ಟು ಆಗಾಕ. ಉಳದ್ರ.” ಸ್ವಲ್ಪ ಹೊತ್ತು ಆರಿಸಿದಳು. “ಚಿಗರಿ ಎಲ್ಲಿ ಬರ್ತಾವ ಅಂತ ಹೇಳಿದ್ಯಲ್ಲ. ಈಗ ಎಲ್ಲಿ ಬರೂದಿಲ್ಲ ಅದು ಹೇಳು. ಈ ನಾಕು ಸಾಲು ಅಲ್ಲೇ ಹಾಕ್ತೀನಿ.”

ನಾನು ಹೊಲದ ಕಡೆ ನೋಡಿದೆ. ಗೈರಾಣದಲ್ಲಿ ಹಿಂಡು ಮೇಯುತ್ತಿತ್ತು; ಒಂದು ಹೆಣ್ಣು ಚಿಗರಿ ತಲೆಯೆತ್ತಿ ನಮ್ಮನ್ನೇ ನೋಡುತ್ತ ನಿಂತಿತ್ತು.

“ನನಗ ಗೊತ್ತಿಲ್ಲ ಅತ್ತಿ.”

“ಹಂಗಾರ ಮನಿ ಹಿತ್ತಲದಾಗ ಹಾಕ್ತೀನಿ ಬಿಡು,” ಎಂದು ಅವಳು ಹುಳುಕು ಕಾಳೊಂದನ್ನು ಎತ್ತಿ ಆಚೆ ಎಸೆದಳು.